ಉಚಿತ ಬೇರೆ, ಮುಕ್ತ ಬೇರೆ

“ಎಲ್ಲಾ ಫ್ರೀಯಾಗಿ ಸಿಗುತ್ತೆ ಮಾರಾಯ, ಕಲಿಯೋ ಮನಸ್ಸಿರಬೇಕು ಅಷ್ಟೆ.” ಆಫೀಸಿನ ಕ್ಯಾಂಟೀನಿನಲ್ಲಿ, ಊರಿನ ಮದುವೆಮನೆಯಲ್ಲಿ, ಲಿಂಕ್ಡ್‌ಇನ್ ಉಪದೇಶಗಳಲ್ಲಿ ಈ ಮಾತು ನೀವೂ ಕೇಳಿರ್ತೀರಿ. ಎಂಐಟಿ ಪಾಠ ಫ್ರೀ, ಖಾನ್ ಅಕಾಡೆಮಿ ಫ್ರೀ, ಐಐಟಿ ಮೇಷ್ಟ್ರುಗಳ ಎನ್‌ಪಿಟೆಲ್ ಫ್ರೀ, ವಿಕಿಪೀಡಿಯ ಅಂತೂ ಫ್ರೀಯೇ. ಇಷ್ಟಾದ ಮೇಲೂ ಕಲಿಯದೆ ಇದ್ದವರು ಸೋಮಾರಿಗಳು ಅಂತ ಷರಾ ಬರೆದು ನಾವು ಕಾಫಿ ಮುಗಿಸಿ ಎದ್ದು ಹೋಗಬಹುದು.

ನನ್ನ ತಕರಾರು ಇರೋದು ಈ ‘ಫ್ರೀ’ ಅನ್ನೋ ಪದದ ಮೇಲೆ. ಇಂಗ್ಲಿಷಿನಲ್ಲಿ ಕಾಸು ಕೊಡದೆ ಸಿಗೋದೂ ಫ್ರೀ, ಕಟ್ಟುಪಾಡು ಇಲ್ಲದ್ದೂ ಫ್ರೀ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಈ ಎರಡರ ವ್ಯತ್ಯಾಸ ಹೇಳಿ ಹೇಳಿಯೇ ಸುಸ್ತಾದರು. ಕನ್ನಡದವರಿಗೆ ಆ ಕಷ್ಟವೇ ಇಲ್ಲ. ನಮ್ಮಲ್ಲಿ ಎರಡು ಪದ ಇವೆ: ಉಚಿತ ಮತ್ತು ಮುಕ್ತ. ಆದರೂ ಶಿಕ್ಷಣದ ವಿಷಯ ಬಂದಾಗ ನಾವು ಕೇಳೋದು ಮೊದಲನೆಯದನ್ನು ಮಾತ್ರ.

ಹಳ್ಳಿ ಕಡೆಯವರಿಗೆ ಇದನ್ನು ಬೇಗ ಹೇಳಬಹುದು. ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಯಾರೋ ಪುಣ್ಯಾತ್ಮರು ಅರವಟ್ಟಿಗೆ ಇಡ್ತಾರೆ. ನೀರು ಉಚಿತ. ಆದರೆ ಅವರು ನಾಳೆ ಎತ್ತಿಬಿಟ್ಟರೆ ಕೇಳುವ ಹಕ್ಕು ನಮಗಿಲ್ಲ. ಊರ ಕೆರೆ ಹಾಗಲ್ಲ. ಅದರಿಂದ ಕಾಲುವೆ ತೋಡಿ ಗದ್ದೆಗೆ ನೀರು ತಗೊಳ್ಳಬಹುದು, ಹೂಳು ತುಂಬಿದರೆ ನಾವೇ ಎತ್ತಬೇಕು. ಇಂಟರ್ನೆಟ್ಟಿನ ಉಚಿತ ಪಾಠಗಳಲ್ಲಿ ಅರವಟ್ಟಿಗೆ ಯಾವುದು, ಕೆರೆ ಯಾವುದು ಅಂತ ಬೇರ್ಪಡಿಸಿ ನೋಡದೆ ಹೊಗಳೋದೂ ತಪ್ಪು, ತೆಗಳೋದೂ ತಪ್ಪು.

ಅರವಟ್ಟಿಗೆಗಳನ್ನು ಮೊದಲು ನೋಡೋಣ. 2012ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಎರಡೂ ಬಂದಾಗ ಇನ್ನು ವಿಶ್ವವಿದ್ಯಾಲಯಗಳ ಗೋಡೆ ಬಿದ್ದೇಬಿಟ್ಟವು ಅಂತ ಪತ್ರಿಕೆಗಳು ಬರೆದವು. 2016ರಲ್ಲಿ ಕೋರ್ಸೆರಾ ತನ್ನ ಹಳೆಯ ವೇದಿಕೆ ಮುಚ್ಚಿದಾಗ ನೂರಾರು ಕೋರ್ಸುಗಳು ಅದರ ಜೊತೆಗೇ ಹೋದವು. ಎಂಐಟಿ ಮತ್ತು ಹಾರ್ವರ್ಡ್ ಸೇರಿ ಲಾಭದ ಉದ್ದೇಶವಿಲ್ಲದೆ ಕಟ್ಟಿದ್ದ ಎಡ್‌ಎಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ಟೂಯು ಎಂಬ ಕಂಪನಿಗೆ ಮಾರಾಟವಾಯಿತು. ಆ ಕಂಪನಿಯೇ 2024ರಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಇದರಲ್ಲಿ ಯಾರೂ ದುಷ್ಟರಲ್ಲ. ಸರ್ವರ್ ಬಿಲ್ಲು, ಸಂಬಳ ಎಲ್ಲಾ ಯಾರಾದರೂ ಕಟ್ಟಲೇಬೇಕು. ಆದರೆ ಕಲಿಯುವವರ ಕೈಯಲ್ಲಿ ಒಂದು ಪ್ರತಿಯೂ ಉಳಿಯದ ವ್ಯವಸ್ಥೆಯಲ್ಲಿ ಮಾಲೀಕ ಬದಲಾದರೆ ಪಾಠವೂ ಬದಲಾಗುತ್ತೆ.

ಇದಕ್ಕಿಂತ ತೊಡಕಿನ ಕಥೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ್ದು. ಅವರು ವರ್ಷಗಟ್ಟಲೆ ತರಗತಿಯ ಪಾಠಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿನಲ್ಲಿ, ಐಟ್ಯೂನ್ಸಿನಲ್ಲಿ ಹಾಕಿದ್ದರು. ವಾಷಿಂಗ್ಟನ್ನಿನಲ್ಲಿ ಕಿವುಡರಿಗೆಂದೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದ ಇಬ್ಬರು ಉದ್ಯೋಗಿಗಳು ದೂರು ಕೊಟ್ಟರು: ಈ ಪಾಠಗಳಿಗೆ ಸರಿಯಾದ ಸಬ್‌ಟೈಟಲ್ ಇಲ್ಲ, ನಮಗೆ ಏನೂ ದಕ್ಕುತ್ತಿಲ್ಲ. ದೂರಿನಲ್ಲಿ ನ್ಯಾಯವಿದೆ ಅಂತ ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಹೇಳಿತು. ವಿಶ್ವವಿದ್ಯಾಲಯ ಏನು ಮಾಡಿತು ಗೊತ್ತಾ? 2017ರ ಮಾರ್ಚಿನಲ್ಲಿ 20,000ಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಕಿವುಡರಿಗೆ ಇಲ್ಲದ್ದು ಇನ್ನು ಯಾರಿಗೂ ಇಲ್ಲ!

ಆಗ ಬಹಳ ಜನ ದೂರು ಕೊಟ್ಟವರನ್ನೇ ಬೈದರು. ನನಗೆ ಅದು ಅನ್ಯಾಯ ಅನ್ನಿಸುತ್ತೆ. ಕೆರೆ ಎಲ್ಲರದ್ದು ಅನ್ನೋದು ಸುಲಭ. ಸಾರ್ವಜನಿಕ ಕೆರೆಯ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಮಹಾಡಿನಲ್ಲಿ ಸತ್ಯಾಗ್ರಹವನ್ನೇ ಮಾಡಬೇಕಾಯಿತು. ‘ಎಲ್ಲರಿಗೂ’ ಅಂತ ಬೋರ್ಡ್ ಹಾಕಿದ ಮೇಲೆ ಯಾರು ಹೊರಗೆ ನಿಂತಿದ್ದಾರೆ ಅಂತ ತಿರುಗಿ ನೋಡುವ ಜವಾಬ್ದಾರಿ ಬೋರ್ಡ್ ಹಾಕಿದವರದ್ದೇ.

ಬರ್ಕ್ಲಿ ಪಾಠಗಳು ಉಳಿದದ್ದಕ್ಕೆ ಕಾರಣ ಇನ್ನೊಂದು. ಅವುಗಳಲ್ಲಿ ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದ್ದವು. ಅಂದ್ರೆ ಮೂಲದ ಹೆಸರು ಹೇಳಿ, ವ್ಯಾಪಾರ ಮಾಡದೆ, ಯಾರು ಬೇಕಾದರೂ ಹಂಚಬಹುದಿತ್ತು. ಹಾಗಾಗಿ ಎಲ್‌ಬಿಆರ್‌ವೈ ಎಂಬ ಸಣ್ಣ ಕಂಪನಿ ಅವನ್ನು ಇಳಿಸಿಕೊಂಡು ತನ್ನ ಜಾಲದಲ್ಲಿ ಮತ್ತೆ ಹಾಕಿತು. 2023ರಲ್ಲಿ ಆ ಕಂಪನಿಯೂ ಬಾಗಿಲು ಹಾಕುವುದಾಗಿ ಹೇಳಿತು ಅನ್ನೋದು ಬೇರೆ ಪಾಠ. ಪ್ರತಿ ಒಂದಿದ್ದರೆ ಸಾಲದು, ಹತ್ತು ಕಡೆ ಇರಬೇಕು. ಬೆಲೆ ಸೊನ್ನೆ ಅನ್ನೋ ಗುಣ ಪಾಠಗಳನ್ನು ಉಳಿಸಲಿಲ್ಲ, ನಕಲು ಮಾಡುವ ಅನುಮತಿ ಉಳಿಸಿತು.

ಇದೇ ಅಳತೆಗೋಲು ಹಿಡಿದು ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಉಚಿತ ಸಾಮಗ್ರಿಗೆ ಬರ ಇಲ್ಲ. ಸರ್ಕಾರಿ ಪಿಡಿಎಫ್‌ಗಳೇ ರಾಶಿ ಇವೆ. ಆದರೆ ಎಷ್ಟೋ ಪಿಡಿಎಫ್ ತೆರೆದು ಒಂದು ಪ್ಯಾರಾ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಬೀಳುತ್ತೆ. ಕಾರಣ, ಅವು ಯೂನಿಕೋಡಿನಲ್ಲಿಲ್ಲ. ಹಳೆಯ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಹುಡುಕಿದರೆ ಸಿಗಲ್ಲ, ಅಂಧ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಓದಲ್ಲ. ಇಷ್ಟೆಲ್ಲಾ ಉಚಿತವೇ. ಮುಕ್ತ ಅಂತ ಮಾತ್ರ ಹೇಳಲು ಬರಲ್ಲ.

ನಮ್ಮಲ್ಲಿ ಒಳ್ಳೆಯ ಉದಾಹರಣೆಯೂ ಇದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ಲೈಬ್ರರಿಯ ಕಪಾಟಿನಲ್ಲಿದ್ದ ಲೇಖನಗಳು ಹೀಗೆ ಕನ್ನಡ ವಿಕಿಸೋರ್ಸ್ ಸೇರಿದವು. ಅದರಲ್ಲಿ ಹಳತಾದ ಮಾಹಿತಿ ಬೇಕಾದಷ್ಟಿದೆ. ಇರಲಿ. ತಿದ್ದುವ ಅನುಮತಿ ಇದ್ದರೆ ಹಳತು ಅನ್ನೋದು ದೋಷವಲ್ಲ, ಬಾಕಿ ಉಳಿದ ಕೆಲಸ ಅಷ್ಟೆ.

ಇತಿಹಾಸ, ಸಾಹಿತ್ಯದ ಹಳೆಯ ಪುಸ್ತಕಗಳ ವಿಷಯದಲ್ಲಿ ಬರ್ಕ್ಲಿ ಕಥೆಯೇ ಮರುಕಳಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿತ್ತು. ಆ ಜಾಲತಾಣ ನಿಂತುಹೋಯಿತು. ಅಷ್ಟರಲ್ಲಿ ಕಾರ್ಲ್ ಮಾಲಮುಡ್ ಅವುಗಳ ಪ್ರತಿಯನ್ನು ಇಂಟರ್ನೆಟ್ ಆರ್ಕೈವಿಗೆ ಸೇರಿಸಿದ್ದರಿಂದ ಇವತ್ತು ನಮ್ಮಲ್ಲಿ ಸಂಶೋಧನೆ ಮಾಡುವವರು ಅಲ್ಲಿಂದ ಕನ್ನಡ ಪುಸ್ತಕ ಇಳಿಸಿಕೊಳ್ಳುತ್ತಿದ್ದಾರೆ. ಕಾಪಿರೈಟಿನ ಜಗಳ ಅದರ ಬೆನ್ನಿಗೇ ಇದೆ, ಸ್ಕ್ಯಾನುಗಳ ಗುಣಮಟ್ಟವೂ ಎಷ್ಟೋ ಕಡೆ ಕೆಟ್ಟದ್ದು. ಪುಟ ಅರ್ಧ ಕತ್ತರಿಸಿರುತ್ತೆ, ಪುಸ್ತಕದ ಹೆಸರು ಇಂಗ್ಲಿಷಿನಲ್ಲಿ ಗುರುತೇ ಸಿಗದ ಹಾಗೆ ಬರೆದಿರುತ್ತಾರೆ. ಆದರೂ ಪ್ರತಿ ಉಳಿದಿದೆ, ಅಷ್ಟರ ಮಟ್ಟಿಗೆ ದೊಡ್ಡದು.

ಸಮಾಜ ವಿಜ್ಞಾನಕ್ಕೆ ಬಂದರೆ, ಆಕ್ಸ್‌ಫರ್ಡಿನ ಮ್ಯಾಕ್ಸ್ ರೋಸರ್ ಶುರು ಮಾಡಿದ ಅವರ್ ವರ್ಲ್ಡ್ ಇನ್ ಡೇಟಾ ಇದೆ. ಬಡತನ, ಶಿಶುಮರಣ, ಸಾಕ್ಷರತೆ ಎಲ್ಲದರ ನಕ್ಷೆಗಳ ಜೊತೆಗೆ ಅವುಗಳ ಹಿಂದಿನ ಅಂಕಿಗಳನ್ನೂ ಇಳಿಸಿಕೊಳ್ಳಬಹುದು. ಅದೇ ನಕ್ಷೆಗೆ ಕನ್ನಡದ ಹೆಸರು ಕೊಟ್ಟು ಛಾಪಿಸಲು ಯಾರ ಕೈಕಾಲೂ ಹಿಡಿಯಬೇಕಿಲ್ಲ, ಮೂಲ ಹೇಳಿದರೆ ಸಾಕು.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಫೆಟ್. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಅಲ್ಲಿ ಪಾಠ ಕೇಳೋದಿಲ್ಲ, ಆಟ ಆಡೋದು. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ತೆಗೆದು ಬ್ಯಾಟರಿ, ಬಲ್ಬು, ವೈರು ಎಳೆದು ಜೋಡಿಸಿ. ಸರ್ಕ್ಯೂಟ್ ಪೂರ್ತಿಯಾದರೆ ಎಲೆಕ್ಟ್ರಾನುಗಳು ಹರಿಯೋದು ಕಾಣುತ್ತೆ. ಬರೀ ವೈರಿನಿಂದ ಬ್ಯಾಟರಿಯ ಎರಡು ತುದಿ ಸೇರಿಸಿದರೆ ಬೆಂಕಿ ಹತ್ತುತ್ತೆ. ಮೇಷ್ಟ್ರು ನೂರು ಸಲ ಹೇಳಿದ ಶಾರ್ಟ್ ಸರ್ಕ್ಯೂಟ್ ಒಂದೇ ಸಲಕ್ಕೆ ಅರ್ಥವಾಗುತ್ತೆ.

ಇದನ್ನು ಹೊಗಳಲು ನನಗೆ ಇಂಜಿನಿಯರನ ಕಾರಣಗಳೂ ಇವೆ. ಒಂದು ಸಿಮ್ಯುಲೇಶನ್ ಅಂದ್ರೆ ಒಂದೇ ಎಚ್‌ಟಿಎಂಎಲ್ ಫೈಲು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ನೆಟ್ ಇಲ್ಲದ ಶಾಲೆಯಲ್ಲೂ ನಡೆಯುತ್ತೆ. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ಸತ್ತಾಗ ಅದನ್ನೇ ನಂಬಿದ್ದ ಎಷ್ಟೋ ಶೈಕ್ಷಣಿಕ ತಾಣಗಳು ಜೊತೆಗೇ ಸತ್ತವು. ಇವರು ಮಾತ್ರ ತಮ್ಮ ಹಳೆಯ ಸಿಮ್ಯುಲೇಶನ್‌ಗಳನ್ನು ಒಂದೊಂದಾಗಿ ಎಚ್‌ಟಿಎಂಎಲ್5ಗೆ ತಂದರು. ಎಲ್ಲಕ್ಕಿಂತ ಮುಖ್ಯ, ಪರದೆಯ ಮೇಲಿನ ಪದಗಳನ್ನು ಯಾವ ಭಾಷೆಗಾದರೂ ಸ್ವಯಂಸೇವಕರು ಅನುವಾದಿಸಬಹುದು. ಹಾಗೆ ಕೆಲವು ಕನ್ನಡಕ್ಕೂ ಬಂದಿವೆ.

ಹತ್ತನೇ ಕ್ಲಾಸಿನವರೆಗೆ ‘ವಿಭವಾಂತರ’, ‘ರೋಧ’ ಅಂತ ಓದಿ ಪಿಯುಸಿಯಲ್ಲಿ ಒಮ್ಮೆಲೇ ‘ಪೊಟೆನ್ಷಿಯಲ್ ಡಿಫರೆನ್ಸ್’, ‘ರೆಸಿಸ್ಟೆನ್ಸ್’ ಎದುರಿಸಿದ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಆ ವರ್ಷ ಎಷ್ಟೋ ಹುಡುಗರು ಸೈನ್ಸ್ ಬಿಡೋದು ವಿಜ್ಞಾನ ಅರ್ಥವಾಗದೆ ಅಲ್ಲ, ಗೊತ್ತಿದ್ದ ವಿಷಯದ ಗುರುತು ಸಿಗದೆ. ಒಂದೇ ಬ್ಯಾಟರಿಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಆಡಿಸಿ ನೋಡುವ ಅವಕಾಶ ಸಿಕ್ಕರೆ ಆ ಸೇತುವೆ ಅಷ್ಟು ಭಯ ಹುಟ್ಟಿಸಲ್ಲ. ತಿದ್ದುವ, ಅನುವಾದಿಸುವ ಅನುಮತಿ ಇಲ್ಲದ ಅತ್ಯುತ್ತಮ ಇಂಗ್ಲಿಷ್ ವಿಡಿಯೋ ಆ ಹುಡುಗನಿಗೆ ಉಚಿತವಾಗಿದ್ದರೂ ದೂರವೇ.

ಹಾಗಂತ ಮುಕ್ತ ಪರವಾನಗಿ ಹಾಕಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳ್ತಿಲ್ಲ. ಕನ್ನಡ ವಿಕಿಪೀಡಿಯದ ಎಷ್ಟೋ ವಿಜ್ಞಾನ ಲೇಖನಗಳು ಎರಡು ಸಾಲಿಗೆ ನಿಂತಿವೆ, ಕೆಲವು ಯಂತ್ರ ಅನುವಾದದ ಗೊಣಗಾಟದಂತಿವೆ. ಅಲ್ಲಿ ‘ತಿದ್ದಿ’ ಅನ್ನೋ ಗುಂಡಿ ಇದೆ, ಒತ್ತುವವರು ಕಡಿಮೆ. ಕೆರೆಗೆ ಹೂಳು ತುಂಬಿದೆ ಅಂತ ದೂರುವವರಲ್ಲಿ ಗುದ್ದಲಿ ಹಿಡಿಯುವವರು ಯಾವಾಗಲೂ ಕಮ್ಮಿ.

ಮುಂದಿನ ಸಲ ಯಾರಾದರೂ ಉಚಿತ ಕೋರ್ಸಿನ ಲಿಂಕ್ ಕಳಿಸಿದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಇಳಿಸಿಕೊಂಡು ಇಟ್ಟುಕೊಳ್ಳಬಹುದಾ? ತಪ್ಪಿದ್ದರೆ ತಿದ್ದಬಹುದಾ? ನಮ್ಮ ಊರಿನ ಶಾಲೆಗೆ ಬೇಕಾದ ಹಾಗೆ ಕನ್ನಡಕ್ಕೆ ತರಬಹುದಾ? ಮೂರಕ್ಕೂ ಹೌದು ಅಂತ ಉತ್ತರ ಬಂದರೆ ಮುಂದಿನ ಕೆಲಸ ನಮ್ಮದು. ಒಂದು ಸಿಮ್ಯುಲೇಶನ್‌ನಲ್ಲಿ ಅನುವಾದಿಸಲು ಇರುವುದು ಪುಟಗಟ್ಟಲೆ ಪಠ್ಯವಲ್ಲ, ಬಿಡಿ ಬಿಡಿ ಪದಗಳು. ಬ್ರೌಸರಿನಲ್ಲೇ ಮಾಡಬಹುದು. ವೋಲ್ಟೇಜಿಗೆ ಸರಿಯಾದ ಕನ್ನಡ ಯಾವುದು ಅಂತ ಪಠ್ಯಪುಸ್ತಕ ತೆರೆದು ನೋಡುವ ತಾಳ್ಮೆ ಇದ್ದರೆ ಸಾಕು. ಶನಿವಾರ ಬೆಳಗ್ಗೆ ಸ್ವಲ್ಪ ಬಿಡುವಾದರೆ ಶುರು ಮಾಡಿ.