ಕರೆಂಟು ಬೇಡದ ಪುಟ

‘ಮಲೆಗಳಲ್ಲಿ ಮದುಮಗಳು’ ಥರದ ದಪ್ಪ ಪುಸ್ತಕವನ್ನು ಮಲಗಿಕೊಂಡು ಓದಿದವರಿಗೆ ಗೊತ್ತು, ತೂಕಡಿಕೆ ಬಂದರೆ ಅದು ಮೂಗಿನ ಮೇಲೇ ಬೀಳುತ್ತದೆ. ನಾನು ಇ-ರೀಡರ್ ಕೊಂಡದ್ದು ಇಂಥ ತೀರಾ ಲೌಕಿಕ ಕಾರಣಕ್ಕೆ. ಡಬ್ಬಿ ತೆರೆದಾಗ ಪರದೆಯ ಮೇಲಿದ್ದ ಚಿತ್ರವನ್ನು ಅಂಟಿಸಿದ ಚೀಟಿಯೆಂದುಕೊಂಡು ಉಗುರಿನಿಂದ ಕೆರೆದೆ. ಬರಲಿಲ್ಲ. ಅದು ಪರದೆಯೇ!

ಅದರ ಗುಟ್ಟು ಇ-ಇಂಕ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧನೆಯಿಂದ 1997ರಲ್ಲಿ ಕಂಪನಿಯಾಗಿ ಹೊರಬಂದದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಒಳಗೆ ತಿಳಿದ್ರವ, ಅದರಲ್ಲಿ ತೇಲುವ ಕಪ್ಪು-ಬಿಳಿ ಕಣಗಳು. ಒಂದು ಬಣ್ಣಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವಿದ್ಯುತ್ ಸೆಳೆದಲ್ಲಿ ಕರಿಯ ಕಣ ಮೇಲೆ ಬಂದು ಅಕ್ಷರವಾಗುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ. ಪುಟ ತಿರುವುವಾಗಷ್ಟೇ ಅದಕ್ಕೆ ಕರೆಂಟಿನ ನೆನಪು. ಹಾಗಾಗಿ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಮೊಬೈಲು ಮಂಕಾಗುವ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಇದು ಕಾಗದದಂತೆ ಇನ್ನಷ್ಟು ಸ್ಪಷ್ಟ.

ಕಾಗದದ ವಾಸನೆ ಇಲ್ಲವಲ್ಲ ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಹಳೆಯ ಪುಸ್ತಕದ ಧೂಳಿಗೆ ನನಗೆ ಸೀನು ಬರುತ್ತದೆ. ನನ್ನ ತಕರಾರು ಬೇರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟ ಈ ಪುಟ್ಟ ಪರದೆಯಲ್ಲಿ ಕುಗ್ಗಿ, ಒತ್ತಕ್ಷರಗಳು ಇರುವೆಸಾಲಾಗುತ್ತವೆ. ಇ-ಪಬ್ ರೂಪದ ಇ-ಪುಸ್ತಕವಾದರೆ ಅಕ್ಷರ ಹಿಗ್ಗಿಸಿದಂತೆ ಸಾಲುಗಳೇ ಮುರಿದು ಹೊಂದಿಕೊಳ್ಳುತ್ತವೆ. ಕನ್ನಡದ ಪ್ರಕಾಶಕರೇ, ದಯವಿಟ್ಟು ಪಿಡಿಎಫ್ ಬಿಟ್ಟು ಇ-ಪಬ್ ಕೊಡಿ.