ಮುಂದಿನ ಬ್ರೇಕಿನ ಭಯ

ಯಾವುದೇ ತಾಲ್ಲೂಕು ಕೇಂದ್ರದ ಬೈಕ್ ಗ್ಯಾರೇಜಿಗೆ ಹೋಗಿ, ಮೂಲೆಯಲ್ಲಿ ರಾಶಿ ಬಿದ್ದಿರುವ ಹಳೇ ಬ್ರೇಕ್ ಶೂಗಳನ್ನು ಕೆದಕಿ ನೋಡಿ. ಆ ಊರಿನವರು ಗಾಡಿ ಹೇಗೆ ನಿಲ್ಲಿಸುತ್ತಾರೆ ಅನ್ನುವುದು ಗೊತ್ತಾಗಿಬಿಡುತ್ತದೆ. ಮದ್ದೂರಿನಾಚೆ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬ ಮೊನ್ನೆ ನೂರು ಸಿಸಿ ಗಾಡಿಯೊಂದರ ಎರಡೂ ಚಕ್ರ ಬಿಚ್ಚಿಕೊಂಡು ಕೂತಿದ್ದ. ಹಿಂದಿನ ಶೂಗಳ ಲೈನಿಂಗ್ ಪೂರಾ ಸವೆದು ಒಳಗಿನ ಲೋಹ ಕಾಣುತ್ತಿತ್ತು. ಮುಂದಿನವು ಷೋರೂಮಿನಿಂದ ಬಂದ ದಿನ ಹೇಗಿದ್ದವೋ ಹಾಗೇ ಇದ್ದವು, ಮೇಲಷ್ಟು ಧೂಳು. "ಹಿಂದಿಂದು ಮೂರ್ನೇ ಸೆಟ್ಟು ಸಾರ್ ಇದು. ಮುಂದಿಂದ ಇನ್ನೂ ಒಂದ್ಕಿತನೂ ಬದ್ಲಾಯ್ಸಿಲ್ಲ" ಅಂದ. ಗಾಡಿಯ ಯಜಮಾನರು ಮುಂದಿನ ಬ್ರೇಕಿನ ಕೇಬಲ್ಲನ್ನು ಬೇಕೆಂದೇ ಲೂಸ್ ಮಾಡಿಸಿದ್ದರಂತೆ. ಮಗ ಕಾಲೇಜಿಗೆ ಓಡಿಸುತ್ತಾನೆ, ಗಾಬರಿಯಲ್ಲಿ ಹಿಡಿದು ಪಲ್ಟಿ ಹೊಡೆದರೆ ಗತಿಯೇನು ಅಂತ. ಮಗನ ಮೇಲಿನ ಅಕ್ಕರೆಯಿಂದಲೇ ಮಾಡಿಸಿದ್ದು, ಸಂಶಯವಿಲ್ಲ. ಆದರೆ ಗಾಡಿಯಲ್ಲಿದ್ದ ನಿಜವಾದ ಬ್ರೇಕನ್ನೇ ಕಳಚಿ ಮಗನ ಕೈಗೆ ಕೀಲಿ ಕೊಟ್ಟ ಹಾಗಾಯಿತು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ಇನ್ನು ಕಾಲುಪಾಲು ಪಿಕಪ್ಪು, ಸೈಲೆನ್ಸರ್ ಸದ್ದು, ಟ್ಯಾಂಕಿನ ಬಣ್ಣ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಇಲ್ಲ. ಕೇಳದಿದ್ದರೂ ಈ ವಾರ ಅದನ್ನೇ ಹೇಳುತ್ತೇನೆ.

ಬ್ರೇಕ್ ಹಿಡಿದೊಡನೆ ಗಾಡಿಯ ಭಾರವೂ ಮೇಲೆ ಕೂತವರ ಭಾರವೂ ಮುಂದಕ್ಕೆ ಬರುತ್ತದೆ. ಫೋರ್ಕ್ ಕುಸಿಯುತ್ತದೆ, ಮುಂದಿನ ಟೈರು ರಸ್ತೆಗೆ ಒತ್ತಿಕೊಂಡು ಅಗಲವಾಗಿ ಕೂರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಭಾರ ಎಲ್ಲಿದೆಯೋ ಹಿಡಿತ ಅಲ್ಲಿ. ಹಗುರವಾದ ಹಿಂದಿನ ಚಕ್ರವನ್ನು ಎಷ್ಟು ತುಳಿದರೂ ಅದು ಒಂದು ಹಂತಕ್ಕೆ ಬಂದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಗಾಡಿಯ ಬಾಲ ಅತ್ತಿತ್ತ ಹೊಡೆದುಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಎರಡೂ ಬ್ರೇಕನ್ನು ಸರಿಯಾಗಿ ಹಿಡಿಯಬಲ್ಲವನು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತಾನೆ. ಹಿಂದಿನದನ್ನು ಮಾತ್ರ ತುಳಿಯುವವನಿಗೆ ಹೆಚ್ಚುಕಡಿಮೆ 40 ಮೀಟರ್ ಬೇಕು. ಅಪಾಯ ಕಂಡು ಕೈಕಾಲು ಆಡುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 17 ಮೀಟರ್ ಇಬ್ಬರಿಗೂ ಇದ್ದದ್ದೇ, ಅದನ್ನು ಬಿಡಿ.

ಇಪ್ಪತ್ತು ಮೀಟರಿನ ಈ ವ್ಯತ್ಯಾಸ ಕಾಗದದ ಮೇಲೆ ದೊಡ್ಡದಾಗಿ ಕಾಣುವುದಿಲ್ಲ. ಹೀಗೆ ನೋಡಿ: ಮೊದಲನೆಯವನು ಪೂರ್ತಿ ನಿಂತು ಕಾಲು ಊರಿದ ಜಾಗದಲ್ಲಿ ಎರಡನೆಯವನು ಇನ್ನೂ 42 ಕಿ.ಮೀ. ವೇಗದಲ್ಲಿರುತ್ತಾನೆ. ಆ ವೇಗದಲ್ಲಿ ಟ್ರ್ಯಾಕ್ಟರ್ ಟ್ರೈಲರಿನ ಹಿಂಬದಿಗೆ ಗುದ್ದುವುದೂ ಏಳು ಮೀಟರ್ ಎತ್ತರದ ತಾರಸಿಯಿಂದ ಬೀಳುವುದೂ ಒಂದೇ ಪೆಟ್ಟು. ಒಬ್ಬನ ಬಾಯಲ್ಲಿ ಬೈಗುಳ, ಇನ್ನೊಬ್ಬನಿಗೆ ಆಂಬುಲೆನ್ಸು.

ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಸೈಕಲ್ ಕಲಿಯುವಾಗ ಇಳಿಜಾರಿನಲ್ಲಿ ಮುಂದಿನದನ್ನು ಗಬಕ್ಕನೆ ಹಿಡಿದು ಮೊಣಕಾಲು ತರಚಿಕೊಂಡ ನೆನಪು ಎಲ್ಲರಿಗೂ ಉಂಟು. ಆಮೇಲೆ ಮೋಟಾರ್ ಸೈಕಲ್ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವವರೆಗೆ ನಮ್ಮ ರಸ್ತೆಗಿಳಿಸಿದ ಜಾವಾ, ಯೆಜ್ಡಿಗಳನ್ನು ಕಣ್ಣಿಗೊತ್ತಿಕೊಳ್ಳುವ ಜನ ನಾವು. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಅವುಗಳ ಜಾತ್ರೆಯೇ ಸೇರುತ್ತದೆ. ಹೊಗೆಯ ವಾಸನೆ, ಎರಡು ಸೈಲೆನ್ಸರಿನ ಆ ಪಟಪಟ ಎಲ್ಲ ಸರಿ. ಆದರೆ ಕೇಬಲ್ಲಿನಿಂದ ಎಳೆಯುವ ಆ ಡ್ರಮ್ ಬ್ರೇಕಿನ ಬಗ್ಗೆ ಯೆಜ್ಡಿ ಭಕ್ತರೂ ಹೊಗಳಿಕೆ ಹಾಡುವುದಿಲ್ಲ. ಮಳೆ ನೀರು ಹೊಕ್ಕರೆ ಹಿಡಿಯುವುದಿಲ್ಲ, ಒಣಗಿದರೆ ತಟ್ಟನೆ ಹಿಡಿಯುತ್ತದೆ. ರಸ್ತೆಯೋ ಜಲ್ಲಿ, ಕೆಮ್ಮಣ್ಣು. ಅಂಥ ಗಾಡಿ, ಅಂಥ ರಸ್ತೆಯಲ್ಲಿ ಓಡಿಸಿದವರು ಮಕ್ಕಳಿಗೆ "ಮುಂದಿಂದು ಮುಟ್ಟಬೇಡ" ಅಂದದ್ದರಲ್ಲಿ ಅರ್ಥವಿತ್ತು. ಗಾಡಿ ಬದಲಾಯಿತು, ಡಿಸ್ಕ್ ಬಂತು, ಟೈರು ಬದಲಾಯಿತು, ರಾಜ್ಯ ಹೆದ್ದಾರಿಗೆ ಡಾಂಬರು ಬಿತ್ತು. ಬುದ್ಧಿಮಾತು ಮಾತ್ರ ಹಾಗೇ ಉಳಿಯಿತು.

ಇದು ನಮ್ಮವರೊಬ್ಬರದೇ ರೋಗವೂ ಅಲ್ಲ. ಅಮೆರಿಕದ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರು ಲಾಸ್ ಏಂಜಲೀಸ್ ಸುತ್ತಮುತ್ತ ಬೈಕ್ ಅಪಘಾತವಾದ ಜಾಗಕ್ಕೇ ತಂಡ ಕಳಿಸಿ, ಟೈರಿನ ಗುರುತು ಅಳೆದು, 900 ಅಪಘಾತಗಳ ಜಾತಕ ಬರೆದರು. 1981ರಲ್ಲಿ ಬಂದ ಆ ವರದಿ ಬೈಕ್ ಓಡಿಸುವವರ ಪಾಲಿಗೆ ಈಗಲೂ ಆಧಾರಗ್ರಂಥ. ಅದರಲ್ಲಿ ಕಂಡದ್ದು: ಸಂಕಟದ ಹೊತ್ತಿಗೆ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸುತ್ತಾರೆ, ಮುಂದಿನದನ್ನು ಸಾಕಷ್ಟು ಹಿಡಿಯುವುದೇ ಇಲ್ಲ. ತಪ್ಪಿಸಿಕೊಳ್ಳಲು ಸಿಗುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದ್ದು. ಅಪಾಯ ಎದುರಾದಾಗ ಆ ಸವಾರರ ಮಧ್ಯಮ ವೇಗ ಗಂಟೆಗೆ 48 ಕಿ.ಮೀ. ಆಸುಪಾಸು, ಗುದ್ದಿದಾಗ ಸುಮಾರು 35. ಇದು ಹುಚ್ಚು ವೇಗದ ಕಥೆಯಲ್ಲ, ಹಾಲು ತರಲು ಹೋದವರ ವೇಗ.

ನಮ್ಮಲ್ಲಿ ಡಿಎಲ್ ಕೊಡುವ ಮೊದಲು ಏನು ನೋಡುತ್ತಾರೆ? ಎಂಟು. ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಮುಗಿಯಿತು. ಎಂಟು ಹಾಕುವುದೇನೂ ಕೀಳಲ್ಲ. ನಿಧಾನಕ್ಕೆ ಹೋಗುವಾಗಿನ ಸಮತೋಲ, ಕ್ಲಚ್ಚಿನ ಹದ ಅದರಲ್ಲಿ ಗೊತ್ತಾಗುತ್ತದೆ. ಆದರೆ ಹತ್ತು ಕಿ.ಮೀ. ವೇಗದಲ್ಲಿ ಎಂಟು ಹಾಕಲು ಬಾರದೆ ಸತ್ತವರು ಯಾರೂ ಇಲ್ಲ. ತುರ್ತಾಗಿ ನಿಲ್ಲಿಸುವುದನ್ನೂ ಪರೀಕ್ಷಿಸಬೇಕು ಎಂಬ ಮಾತು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದ್ದರೂ ಮೈದಾನದಲ್ಲಿ ನಡೆಯುವುದು ಎಂಟೇ. ಸುಣ್ಣದಲ್ಲಿ ಒಂದು ಗೆರೆ ಎಳೆದು, ನಲವತ್ತರಲ್ಲಿ ಬಂದು ಗೆರೆಯಿಂದಾಚೆ ಇಷ್ಟು ಮೀಟರಿನೊಳಗೆ ನೇರವಾಗಿ ನಿಲ್ಲಿಸು ಎಂದು ಹೇಳಲು ಹೊಸ ಕಾನೂನೂ ಬೇಡ, ಹೊಸ ಬಜೆಟ್ಟೂ ಬೇಡ. ಮೈದಾನ ಸ್ವಲ್ಪ ಉದ್ದವಿರಬೇಕು, ಅಷ್ಟೆ.

ಸರ್ಕಾರ ಗೆರೆ ಎಳೆಯುವವರೆಗೆ ನೀವೇ ಎಳೆದುಕೊಳ್ಳಿ. ಸೈಟು ಹಂಚಿ ಇನ್ನೂ ಮನೆ ಏಳದ ಬಡಾವಣೆ ಪ್ರತಿ ಊರಿನಂಚಿಗೂ ಒಂದಾದರೂ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ. ರಸ್ತೆಯ ಮರಳು, ಜಲ್ಲಿ ನೋಡಿಕೊಳ್ಳಿ, ಇದ್ದರೆ ಗುಡಿಸಿ. ಮೊದಲು ಇಪ್ಪತ್ತರ ವೇಗ. ಗಾಡಿ ನೆಟ್ಟಗಿರಲಿ, ದೃಷ್ಟಿ ದೂರಕ್ಕೆ. ಮುಂದಿನ ಚಕ್ರ ನೋಡಿದರೆ ಮುಂದಿನ ಚಕ್ರದ ಬುಡಕ್ಕೇ ಬೀಳುತ್ತೀರಿ. ಆಕ್ಸಿಲರೇಟರ್ ಬಿಟ್ಟು ಬಲಗೈಯ ಎರಡು ಬೆರಳನ್ನು ಲಿವರಿನ ಮೇಲಿಟ್ಟು ಮೊದಲು ಹಗುರವಾಗಿ ಹಿಡಿಯಿರಿ. ಫೋರ್ಕ್ ತಗ್ಗಿದ್ದು ಕೈಗೇ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಭಾರ ಮುಂದಿನ ಟೈರಿಗೆ ಬಂದಿದೆ ಎಂದರ್ಥ. ಒತ್ತಡ ಹೆಚ್ಚಿಸಬೇಕಾದದ್ದು ಅಲ್ಲಿಂದ. ಹಾಲು ಕರೆಯುವವರು ಕೆಚ್ಚಲಿಗೆ ಕೈ ಹಾಕಿದ್ದೇ ಜಗ್ಗುವುದಿಲ್ಲ, ಸೊರೆಬಿಡುವ ತನಕ ಸವರಿ ಆಮೇಲೆ ಬಿಗಿ ಹಿಡಿಯುತ್ತಾರಲ್ಲ, ಅದೇ ಕ್ರಮ. ಬಲಗಾಲು ಹಿಂದಿನದನ್ನು ಮೆಲ್ಲಗೆ ಒತ್ತಿರಲಿ. ಕೊನೆಯ ಗಳಿಗೆಯಲ್ಲಿ ಕ್ಲಚ್. ಬಹಳ ಜನ ಮೊದಲೇ ಕ್ಲಚ್ ಒತ್ತಿಬಿಡುತ್ತಾರೆ, ಇಂಜಿನ್ ತಾನಾಗಿ ಮಾಡುತ್ತಿದ್ದ ಒಂದಿಷ್ಟು ಕೆಲಸ ಅಲ್ಲಿಗೆ ನಿಂತುಹೋಗುತ್ತದೆ.

ಇಪ್ಪತ್ತು ಅಂಕೆಗೆ ಬಂದ ಮೇಲೆ ಮೂವತ್ತು, ಆಮೇಲೆ ನಲವತ್ತು. ನಿಂತ ಜಾಗಕ್ಕೊಂದು ಕಲ್ಲಿಡಿ. ಕಲ್ಲು ಪ್ರತಿ ಸಲ ಹತ್ತಿರ ಬರುವುದನ್ನು ನೋಡುವ ಖುಷಿ ಯಾವ ಟಾಪ್ ಸ್ಪೀಡಿನಲ್ಲೂ ಇಲ್ಲ. ಹಿಂದೆ ಯಾರನ್ನಾದರೂ ಕೂರಿಸಿಕೊಂಡೂ ಒಮ್ಮೆ ಮಾಡಿ, ಗಾಡಿಯ ನಡವಳಿಕೆಯೇ ಬೇರೆ. ತಿರುವಿನಲ್ಲಿ ಗಾಡಿ ವಾಲಿರುವಾಗ ಮಾತ್ರ ಈ ಸಾಹಸ ಬೇಡ. ತಿರುವಿನ ಬ್ರೇಕು ತಿರುವಿಗೆ ಮುಂಚೆ ಮುಗಿದಿರಬೇಕು. ಕೈ ಚಿಕ್ಕದಿದ್ದು ಲಿವರ್ ದೂರವೆನಿಸಿದರೆ, ಹೆಣ್ಣುಮಕ್ಕಳಿಗೆ ಇದು ಎಷ್ಟೋ ಸಲ ನಿಜವಾದ ತೊಂದರೆ, ಸಹಿಸಿಕೊಂಡು ಓಡಿಸಬೇಡಿ. ಲಿವರನ್ನು ಹತ್ತಿರಕ್ಕೆ ಹೊಂದಿಸಲು ಆಗುತ್ತದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿ.

"ಈಗೆಲ್ಲ ಎಬಿಎಸ್ ಇದೆಯಲ್ಲ" ಅನ್ನುತ್ತಾರೆ. ಇದೆ, ಒಳ್ಳೆಯದು. 1988ರಲ್ಲಿ ಬಿಎಂಡಬ್ಲ್ಯು ಮೊದಲು ಬೈಕಿಗೆ ಕೂರಿಸಿದ ಈ ವ್ಯವಸ್ಥೆ 2019ರ ಏಪ್ರಿಲ್‌ನಿಂದ ನಮ್ಮಲ್ಲೂ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಗಾಡಿಗಳಿಗೆ ಕಡ್ಡಾಯವಾಯಿತು. ಚಕ್ರ ನಿಂತುಹೋಗುವ ಸೂಚನೆ ಕಂಡೊಡನೆ ಒತ್ತಡವನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸಲ ಅದೇ ಕೆಲಸ ಮಾಡುತ್ತದೆ. ಅದಕ್ಕಿಂತ ಚಿಕ್ಕ ಗಾಡಿಗಳಲ್ಲಿ ಕಾಂಬಿ ಬ್ರೇಕ್ ಸಾಕೆಂದರು. ಹಿಂದಿನದನ್ನು ಒತ್ತಿದರೆ ಮುಂದಿನದೂ ಒಂದಿಷ್ಟು ಹಿಡಿಯುತ್ತದೆ. ಅಂದರೆ ನಮ್ಮವರು ಮುಂದಿನ ಬ್ರೇಕ್ ಹಿಡಿಯುವುದಿಲ್ಲ ಎಂದು ಗೊತ್ತಿದ್ದೇ ಕಾಲಿನ ಕೆಳಗೆ ಅದನ್ನು ಕದ್ದು ಇಟ್ಟ ಹಾಗೆ. ಪರವಾಗಿಲ್ಲ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಎಬಿಎಸ್ ಇರುವ ಗಾಡಿಯಲ್ಲೂ ಲಿವರ್ ಹಿಡಿಯಬೇಕಾದವರು ನೀವೇ. ಹಿಡಿಯದ ಬ್ರೇಕಿಗೆ ಎಬಿಎಸ್ ಏನು ಮಾಡೀತು? ಅನೇಕ ಗಾಡಿಗಳಲ್ಲಿರುವುದು ಸಿಂಗಲ್ ಚಾನೆಲ್, ಮುಂದಿನ ಚಕ್ರಕ್ಕೆ ಮಾತ್ರ. ಅಪ್ಪ ಹೇಳಿದರೆಂದು ಹಿಂದಿನದನ್ನೇ ತುಳಿಯುವವರು ಎಬಿಎಸ್ಸಿನ ಕಾಸನ್ನು ದಂಡಕ್ಕೆ ಕೊಟ್ಟಂತೆ.

ಬ್ರೇಕ್ ಕೈಕೊಟ್ಟಾಗ ಉಳಿಯುವುದು ಹೆಲ್ಮೆಟ್. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರದವರು. ಕರ್ನಾಟಕದಲ್ಲಿ ಆ ವರ್ಷ ರಸ್ತೆ ಅಪಘಾತಕ್ಕೆ ಬಲಿಯಾದವರು ಒಟ್ಟು 11,702. ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂಬದಿ ಸೀಟಿನವರು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಊರ ಕಡೆ ಹೋಗಿ ನೋಡಿ: ಗಂಡನ ತಲೆ ಮೇಲೆ ಹೆಲ್ಮೆಟ್, ಹೆಂಡತಿಯ ತಲೆ ಮೇಲೆ ಸೆರಗು.

ಹೆಲ್ಮೆಟ್ ಕುರಿತು ಉಪದೇಶ ಎಲ್ಲರೂ ಕೇಳಿದ್ದೇ. ನನ್ನ ತಕರಾರು ಆ ಅರ್ಧ ಟೋಪಿಯ ಮೇಲೆ. ಐನೂರು ರೂಪಾಯಿ ದಂಡ ಉಳಿಸಲು ರಸ್ತೆ ಪಕ್ಕದಲ್ಲಿ ಕೊಂಡ ಆ ಪ್ಲಾಸ್ಟಿಕ್ ಚಿಪ್ಪಿನೊಳಗೆ ಬೆರಳಿಟ್ಟು ಒತ್ತಿ. ಗಟ್ಟಿ ಥರ್ಮಾಕೋಲಿನ ಪದರ ಇರಬೇಕಾದ ಜಾಗದಲ್ಲಿ ಕುಶನ್ ಬಟ್ಟೆ ಮಾತ್ರ ಇದ್ದರೆ ಅದು ತಲೆಗಲ್ಲ, ಪೊಲೀಸರಿಗೆ ಹಾಕಿದ್ದು. ಪೆಟ್ಟನ್ನು ನುಂಗುವುದು ಆ ಪದರ, ತಾನು ನುಗ್ಗುನುಸಿಯಾಗಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಮತ್ತೆ ಹಾಕಬಾರದು ಅನ್ನುವುದು ಅದಕ್ಕೇ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ. ಮಾರಾಟ ಮಾತ್ರ ಮೇಲ್ಸೇತುವೆಯ ನೆರಳಿನಲ್ಲಿ ನಿರಾತಂಕವಾಗಿ ನಡೆದಿದೆ. ಇನ್ನು ಗದ್ದ. ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಒಟ್ಟೆ ಎಂಬ ಸಂಶೋಧಕರು ಅಪಘಾತಕ್ಕೀಡಾದ ಹೆಲ್ಮೆಟ್‌ಗಳನ್ನು ಪರೀಕ್ಷಿಸಿದಾಗ ಪೆಟ್ಟುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಬಿದ್ದದ್ದು ಗದ್ದದ ಭಾಗಕ್ಕೆ. ಸೆಕೆಯಾಗುತ್ತದೆ, ಹಾರ್ನ್ ಕೇಳುವುದಿಲ್ಲ ಅನ್ನುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಸ್ಟ್ರಾಪ್ ಹಾಕದಿದ್ದರೆ ಯಾವ ಹೆಲ್ಮೆಟ್ಟಾದರೂ ನಿಮಗಿಂತ ಮೊದಲು ಹಾರಿಹೋಗುತ್ತದೆ.

ಎಲ್ಲ ಹೊರೆಯನ್ನೂ ಸವಾರನ ಬಲಗೈ ಮೇಲೆ ಹೇರುವುದೂ ನ್ಯಾಯವಲ್ಲ. ಆ 2022ರಲ್ಲಿ ದೇಶದ ರಾಜ್ಯ ಹೆದ್ದಾರಿಗಳಲ್ಲೇ 41,012 ಜನ ಸತ್ತರು. ಮೈಸೂರು ಎಕ್ಸ್‌ಪ್ರೆಸ್‌ವೇಯಿಂದ 2023ರ ಆಗಸ್ಟ್‌ನಲ್ಲಿ ಬೈಕುಗಳನ್ನು ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳಿಸಿದರು. ರಾಜ್ಯ ಹೆದ್ದಾರಿಯಿಂದ ಎಲ್ಲಿಗೆ ಕಳಿಸುತ್ತಾರೆ? ಅಲ್ಲಿ ಸರ್ವಿಸ್ ರಸ್ತೆ ಇಲ್ಲ, ಇರುವುದು ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ಊರವರೇ ರಾತ್ರೋರಾತ್ರಿ ಹಾಕಿಸಿಕೊಂಡದ್ದಕ್ಕೆ ಅಗಲವೂ ಇಲ್ಲ, ಬಿಳಿ ಪಟ್ಟಿಯೂ ಇಲ್ಲ. ಅಡ್ಡಡ್ಡ ಕೂತ ಹೆಂಗಸರು, ಮಡಿಲ ಮಕ್ಕಳ ಸಮೇತ ಬೀಳುವುದು ಅಲ್ಲೇ. ಕಬ್ಬು ಕಡಿಯುವ ಕಾಲಕ್ಕೆ ಮಂಡ್ಯ, ಬೆಳಗಾವಿ ರಸ್ತೆಗಳಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋಲುವ ಕಬ್ಬಿನ ತುದಿ ಅದನ್ನು ಮುಚ್ಚಿರುತ್ತದೆ. ಕತ್ತಲಲ್ಲಿ ಅದು ಕಾಣುವ ಹೊತ್ತಿಗೆ ಹರ್ಟ್ ಹೇಳಿದ ಎರಡು ಸೆಕೆಂಡು ಕೂಡ ಉಳಿದಿರುವುದಿಲ್ಲ.

ಜೊತೆಗೆ ರಸ್ತೆಯ ಮೇಲಿನ ಹುರುಳಿ. ಹಾಸನ, ತುಮಕೂರು, ಮಂಡ್ಯ, ಚಾಮರಾಜನಗರ ಯಾವ ಕಡೆ ಹೋದರೂ ಸುಗ್ಗಿಯಲ್ಲಿ ರಸ್ತೆಯ ತುಂಬ ಹುರುಳಿ, ರಾಗಿ ಹರಡಿರುತ್ತದೆ, ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ. ಸೊಪ್ಪಿನಡಿಯ ಕಾಳಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ, ಮುಂದಿನ ಬ್ರೇಕೂ ಅಲ್ಲ ಹಿಂದಿನದೂ ಅಲ್ಲ. ಬೈಯುವುದು ಸುಲಭ. ಆದರೆ ಕಣ ಮಾಡಲು ಹಿಂದೆ ಇದ್ದ ಬಯಲೆಲ್ಲ ಒತ್ತುವರಿಯಾಗಿದೆ, ಸಗಣಿ ಸಾರಿಸಿ ರೋಣಗಲ್ಲು ಹೊಡೆಯುವ ಆಳು ಎತ್ತು ಯಾವುದೂ ಇಲ್ಲ, ರೈತನಿಗೆ ಸಿಕ್ಕ ಗಟ್ಟಿ ನೆಲ ಡಾಂಬರೊಂದೇ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಲು ಅವಕಾಶವಿದೆ, ಕೆಲವು ಪಂಚಾಯಿತಿಗಳು ಕಟ್ಟಿಸಿಯೂ ಇವೆ. ನಿಮ್ಮೂರಿನದು ಕಟ್ಟಿಸಿಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಬೀದಿ ದೀಪದ ಜೊತೆ ಇದನ್ನೂ ಕೇಳಿ. ಅಲ್ಲಿಯವರೆಗೆ, ದೂರದಲ್ಲಿ ಹುಲ್ಲು ಸೊಪ್ಪು ಕಂಡರೆ ಬ್ರೇಕನ್ನೆಲ್ಲ ಡಾಂಬರು ಇರುವಾಗಲೇ ಮುಗಿಸಿ, ಎರಡನೇ ಗೇರಿಗೆ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಬೆರಳುಗಳನ್ನು ಲಿವರಿನಿಂದ ತೆಗೆದು ದಾಟಿ.