ಸವಿ ಮರೆತ ಕಪ್ತಾನ

ರಾತ್ರಿ. ಹಡಗಿನ ಡೆಕ್ಕಿನ ಮೇಲೆ ಕಪ್ತಾನ ಅಹಾಬ್ ತಿಮಿಂಗಿಲದ ದಂತದಿಂದ ಮಾಡಿದ ಪೀಠ ಹಾಕಿಸಿಕೊಂಡು ಕೂತಿದ್ದಾನೆ. ದಿಕ್ಸೂಚಿಯ ದೀಪದಿಂದ ಪೈಪು ಹಚ್ಚಿಕೊಂಡಿದ್ದಾಗಿದೆ. ಒಂದಷ್ಟು ದಮ್ಮು ಎಳೆಯುತ್ತಾನೆ. ಹೊಗೆ ಗಾಳಿಗೆ ತಿರುಗಿ ಅವನ ಮುಖಕ್ಕೇ ಬಡಿಯುತ್ತದೆ. ಯಾಕೋ ರುಚಿಯೇ ಹತ್ತುತ್ತಿಲ್ಲ. ಇದು ನೆಮ್ಮದಿಯಾಗಿರುವವರು ಸೇದುವಂಥದ್ದು, ನನಗೆ ಇದರ ಸಹವಾಸ ಯಾಕೆ ಅಂದುಕೊಂಡವನೇ ಉರಿಯುತ್ತಿರುವ ಪೈಪನ್ನು ಕಡಲಿಗೆ ಎಸೆದುಬಿಡುತ್ತಾನೆ. ಕೆಂಡ ಅಲೆಗೆ ಬಿದ್ದು ಚುಂಯ್ ಅನ್ನುತ್ತದೆ. ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ಅತ್ತಿಂದಿತ್ತ ಅಡ್ಡಾಡತೊಡಗುತ್ತಾನೆ.

ಹರ್ಮನ್ ಮೆಲ್ವಿಲ್‌ನ 'ಮೊಬಿ ಡಿಕ್' ಕಾದಂಬರಿಯ 30ನೇ ಅಧ್ಯಾಯ ಇಷ್ಟೇ. ಒಂದು ಪುಟದ ಆಸುಪಾಸು. ಈ ಪುಸ್ತಕವನ್ನು ಓದದವರಿಗೂ ಅದರ ಕಥೆ ಗೊತ್ತಿರುತ್ತದೆ: ಬಿಳಿ ತಿಮಿಂಗಿಲವೊಂದು ಕಪ್ತಾನನ ಕಾಲು ಕಿತ್ತುಕೊಂಡಿದೆ, ಕಪ್ತಾನ ಸೇಡು ತೀರಿಸಿಕೊಳ್ಳಲು ಸಮುದ್ರಗಳನ್ನೆಲ್ಲ ಜಾಲಾಡುತ್ತಾನೆ, ಕೊನೆಗೆ ಹಡಗು ಸಮೇತ ಮುಳುಗುತ್ತಾನೆ. ಆ ಕಥೆಗೆ ಮೂವತ್ತು ಪುಟ ಸಾಕು. ಮೆಲ್ವಿಲ್ ಬರೆದದ್ದು 135 ಅಧ್ಯಾಯ, ಮೇಲೊಂದು ಉಪಸಂಹಾರ. ಅಹಾಬ್ ಮೊದಲ ಸಲ ಕಣ್ಣಿಗೆ ಬೀಳುವುದು 28ನೇ ಅಧ್ಯಾಯದಲ್ಲಿ. ತಿಮಿಂಗಿಲ ಬರುವುದಂತೂ ಕಟ್ಟಕಡೆಯ ಮೂರು ಅಧ್ಯಾಯಗಳಲ್ಲಿ. ನಡುವಿನ ನೂರಕ್ಕೂ ಮಿಕ್ಕಿದ ಅಧ್ಯಾಯಗಳಲ್ಲಿ ಏನಿದೆ? ಊಟ, ಹಗ್ಗ, ಕೊಬ್ಬು, ಎಣ್ಣೆ, ಎಲುಬು, ಹಾಯಿ, ಹಾಸಿಗೆ, ಪ್ರಾರ್ಥನೆ, ಪೋಲಿ ಮಾತು. ಸೇಡಿನ ಕಥೆಗೆ ಬಂದವರು ಇವನ್ನೆಲ್ಲ ಹಾರಿಸಿಕೊಂಡು ಓದುತ್ತಾರೆ. ನನಗೆ ಕಾದಂಬರಿಯ ಜೀವ ಇರುವುದೇ ಅಲ್ಲಿ ಅನ್ನಿಸುತ್ತದೆ.

ಪೈಪಿನ ವಿಷಯವನ್ನೇ ನೋಡಿ. ಅಹಾಬ್ ಎಸೆದ ಪೈಪು ಈ ಹಡಗಿನಲ್ಲಿ ಒಂಟಿಯಲ್ಲ. ಎರಡನೇ ಅಧಿಕಾರಿ ಸ್ಟಬ್ ತನ್ನ ಮಂಚದ ಪಕ್ಕ ತಂಬಾಕು ತುಂಬಿದ ಪೈಪುಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾನೆ. ಬೆಳಗ್ಗೆ ಎದ್ದರೆ ಕಾಲು ಚಡ್ಡಿಯೊಳಗೆ ಹೋಗುವ ಮುಂಚೆ ಪೈಪು ಬಾಯಿಗೆ ಹೋಗಿರುತ್ತದೆ. ಇನ್ನು ಕ್ವೀಕ್ವೆಗ್. ಮೈತುಂಬ ಹಚ್ಚೆ ಹಾಕಿಸಿಕೊಂಡ ದ್ವೀಪವಾಸಿ, ಈಟಿಗಾರ. ಅವನ ಕೊಡಲಿಯೇ ಪೈಪು, ಪೈಪೇ ಕೊಡಲಿ. ಕಥೆ ಹೇಳುವ ಇಷ್ಮಾಯೆಲ್ ಛತ್ರದಲ್ಲಿ ಜಾಗವಿಲ್ಲದೆ ಇವನ ಜೊತೆ ಒಂದೇ ಹಾಸಿಗೆ ಹಂಚಿಕೊಳ್ಳಬೇಕಾಗುತ್ತದೆ. ಮೊದಲ ರಾತ್ರಿ ಜೀವ ಕೈಯಲ್ಲಿ ಹಿಡಿದು ಕಿರುಚಿದವನು ಮಾರನೇ ದಿನ ಅದೇ ಕೊಡಲಿ-ಪೈಪಿನಿಂದ ಸರದಿಯಂತೆ ಹೊಗೆ ಎಳೆದು ಗೆಳೆಯನಾಗುತ್ತಾನೆ. ಸವಿಯಬಲ್ಲವರು, ಸವಿಯಲಾರದವನು ಎಂಬ ಈ ಭೇದವನ್ನು ಮೆಲ್ವಿಲ್ ಎಲ್ಲೂ ಬಿಡಿಸಿ ಹೇಳುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ 37ನೇ ಅಧ್ಯಾಯ ಬರುತ್ತದೆ. ಸೂರ್ಯ ಮುಳುಗುತ್ತಿರುವಾಗ ಕಿಟಕಿಯ ಬಳಿ ಕೂತ ಅಹಾಬ್ ತಾನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಒಂದು ಕಾಲಕ್ಕೆ ಸಂಜೆ ತನಗೆ ಸಮಾಧಾನ ಕೊಡುತ್ತಿತ್ತು, ಈಗ ಇಲ್ಲ; ಎತ್ತರದ್ದನ್ನು ಕಾಣುವ ಶಕ್ತಿ ತನಗಿದೆ, ಸಾಮಾನ್ಯರಿಗಿರುವ ಸುಖಿಸುವ ಶಕ್ತಿ ಇಲ್ಲ ಎನ್ನುತ್ತಾನೆ. ಕಾಲು ಹೋದದ್ದಕ್ಕಿಂತ ದೊಡ್ಡ ನಷ್ಟ ಇದು.

ಇಷ್ಮಾಯೆಲ್‌ಗೆ ಹಾಗಲ್ಲ, ಅವನಿಗೆ ಎಲ್ಲವೂ ಬೇಕು. ನಾಂಟುಕೆಟ್ ದ್ವೀಪದ ಊಟದ ಮನೆಯೊಂದರಲ್ಲಿ ಅವನ ಮುಂದೆ ಚೌಡರ್ ಎಂಬ ಗಟ್ಟಿ ಸಾರು ಬರುತ್ತದೆ. ಯಜಮಾನಿ ಕೇಳುವುದು ಚಿಪ್ಪುಮೀನೋ, ಕಾಡ್ ಮೀನೋ ಎಂದು ಎರಡೇ ಮಾತು. ಇಬ್ಬರಿಗೆ ಒಂದು ತಣ್ಣನೆಯ ಚಿಪ್ಪುಮೀನು ಕೊಟ್ಟು ಕೈ ತೊಳೆದುಕೊಳ್ಳುತ್ತಾಳೇನೋ ಎಂದು ಇವನಿಗೆ ಗಾಬರಿ. ಅಷ್ಟರಲ್ಲಿ ಅಡುಗೆಮನೆಯಿಂದ ಬಿಸಿ ಹಬೆ. ಹೇಜಲ್ ಬೀಜಕ್ಕಿಂತ ತುಸುವೇ ದೊಡ್ಡದಾದ ರಸಭರಿತ ಚಿಪ್ಪುಮೀನು, ಅದಕ್ಕೆ ಕುಟ್ಟಿದ ಹಡಗಿನ ಬಿಸ್ಕತ್ತು, ಸಣ್ಣಗೆ ಹೆಚ್ಚಿದ ಉಪ್ಪು ಹಂದಿಮಾಂಸ, ಧಾರಾಳ ಬೆಣ್ಣೆ, ಮೆಣಸು, ಉಪ್ಪು. ಓದಿದ ಮೇಲೆ ಶಾಕಾಹಾರಿಗಳಿಗೂ ಹಸಿವಾಗುವಂತೆ ಬರೆದಿದ್ದಾನೆ ಮಹರಾಯ. ಈ ಚೌಡರಿನಿಂದ ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು 94ನೇ ಅಧ್ಯಾಯ. ಸ್ಪರ್ಮ್ ತಿಮಿಂಗಿಲದ ತಲೆಯೊಳಗೆ ಸ್ಪರ್ಮಸೆಟಿ ಎಂಬ ಮೇಣದಂಥ ಎಣ್ಣೆ ಇರುತ್ತದೆ. ಅಂದಿನ ದಿನಗಳಲ್ಲಿ ಅತ್ಯುತ್ತಮ ಮೇಣದಬತ್ತಿಗೆ ಅದೇ ಬೇಕಿತ್ತು. ಅದಕ್ಕಾಗಿಯೇ ಹಡಗುಗಳು ವರ್ಷಗಟ್ಟಲೆ ಕಡಲ ಮೇಲಿರುತ್ತಿದ್ದವು. ತಲೆಯಿಂದ ತೆಗೆದ ಎಣ್ಣೆ ಆರುತ್ತಿದ್ದಂತೆ ಅಲ್ಲಲ್ಲಿ ಹೆಪ್ಪುಗಟ್ಟಿ ಗಂಟುಗಂಟಾಗುತ್ತದೆ. ನಾವಿಕರು ದೊಡ್ಡ ತೊಟ್ಟಿಯ ಸುತ್ತ ಕೂತು ಕೈ ಅದ್ದಿ ಆ ಗಂಟುಗಳನ್ನು ಹಿಸುಕಿ ಮತ್ತೆ ದ್ರವ ಮಾಡಬೇಕು. ಇಷ್ಮಾಯೆಲ್ ಹಿಸುಕುತ್ತಾನೆ. ಬೆರಳುಗಳು ನುಣುಪಾಗಿ ಹಾವುಮೀನುಗಳಂತೆ ಬಳುಕುತ್ತವೆ. ವಸಂತದ ಹೂಗಳ ಕಂಪು ಬರುತ್ತದೆ. ಹಿಸುಕುತ್ತ ಹಿಸುಕುತ್ತ ಪಕ್ಕದವನ ಕೈಯನ್ನೂ ಗಂಟೆಂದು ಹಿಸುಕಿಬಿಡುತ್ತಾನೆ, ತಪ್ಪು ಎಂದು ಬಿಡುವ ಬದಲು ಅವನ ಕಣ್ಣನ್ನು ನೋಡಿ ನಗುತ್ತಾನೆ. ನಾವೆಲ್ಲ ಒಬ್ಬರೊಳಗೊಬ್ಬರು ಕರಗಿಹೋಗೋಣ ಎನ್ನುವಷ್ಟು ಅಕ್ಕರೆ ಉಕ್ಕುತ್ತದೆ. ಇಡೀ ಅಧ್ಯಾಯ ಅರ್ಧ ತಮಾಷೆ, ಅರ್ಧ ಸಮಾಧಿ.

ಇಲ್ಲೊಂದು ಮಾತು ಸದ್ದಿಲ್ಲದೆ ಬಂದು ಹೋಗುತ್ತದೆ. ಹಿಂದೆ, 36ನೇ ಅಧ್ಯಾಯದಲ್ಲಿ, ಅಹಾಬ್ ಹಾಯಿಕಂಬಕ್ಕೆ ಚಿನ್ನದ ನಾಣ್ಯ ಹೊಡೆದು, ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಅದು ಎಂದು ಸಾರಿ, ಮದ್ಯ ಕುಡಿಸಿ, ಎಲ್ಲರಿಂದ ಕೊಲ್ಲುವ ಪ್ರಮಾಣ ಮಾಡಿಸಿದ್ದ. ಇಷ್ಮಾಯೆಲ್ ಕೂಡ ಕೂಗಿದ್ದ. ತೊಟ್ಟಿಯ ಮುಂದೆ ಕೂತವನು ಆ ಭಯಂಕರ ಪ್ರಮಾಣವನ್ನು ಮರೆತೆ, ಕೈಯಿಂದಲೂ ಎದೆಯಿಂದಲೂ ತೊಳೆದುಕೊಂಡೆ ಎನ್ನುತ್ತಾನೆ. ಸೇಡಿಗೆ ಇವನು ಕಂಡುಕೊಂಡ ಮದ್ದು ಉಪದೇಶವಲ್ಲ, ಪಶ್ಚಾತ್ತಾಪವೂ ಅಲ್ಲ. ಬೆರಳಿಗೆ ಸಿಕ್ಕ ಒಂದು ಮುದ್ದೆ ಕೊಬ್ಬು.

ತಿಮಿಂಗಿಲಗಳನ್ನು ಪುಸ್ತಕದ ಅಳತೆಗಳಂತೆ ಫೋಲಿಯೊ, ಆಕ್ಟೇವೊ, ಡ್ಯುಯೊಡೆಸಿಮೊ ಎಂದು ವಿಂಗಡಿಸುವ 32ನೇ ಅಧ್ಯಾಯ ಬೇಸರ ತರಿಸುವುದು ನಿಜ. ನನಗೂ ಆಕಳಿಕೆ ಬಂದಿದೆ. ಆದರೂ ಕೊನೆಯಲ್ಲಿ, ಕಲೋನಿನ ದೊಡ್ಡ ಇಗರ್ಜಿಯನ್ನು ಗೋಪುರದ ಮೇಲೆ ಕ್ರೇನು ನಿಂತಿರುವಂತೆಯೇ ಬಿಟ್ಟರಲ್ಲ, ಹಾಗೆ ನನ್ನ ಶಾಸ್ತ್ರವನ್ನೂ ಅರ್ಧಕ್ಕೇ ಬಿಡುತ್ತೇನೆ ಎಂದು ಕೈಚೆಲ್ಲುವಾಗ ಎಲ್ಲ ಮಾಫಿ. 82ನೇ ಅಧ್ಯಾಯದಲ್ಲಂತೂ ತಿಮಿಂಗಿಲ ಬೇಟೆಯ ಕುಲಪುರುಷರ ಪಟ್ಟಿಗೆ ನಮ್ಮ ವಿಷ್ಣುವನ್ನೇ ಸೇರಿಸಿಬಿಡುತ್ತಾನೆ. ವೇದಗಳು ನೀರಿನ ತಳದಲ್ಲಿದ್ದವು, ಅವನ್ನು ತರಲು ದೇವರು ತಿಮಿಂಗಿಲವಾದ. ಕುದುರೆಯ ಸವಾರ ಕುದುರೆಯವನಾದರೆ ಇವನು ತಿಮಿಂಗಿಲದವನಲ್ಲವೇ ಎಂಬ ವಾದ. ಮತ್ಸ್ಯಾವತಾರದ ಶಿಲ್ಪ ಎಲಿಫೆಂಟಾ ಗುಹೆಯಲ್ಲಿದೆ ಎಂದು ಇನ್ನೊಂದು ಕಡೆ ಬರೆಯುತ್ತಾನೆ. ಎಲಿಫೆಂಟಾ ಶಿವನ ಗುಹೆ. ಅದರ ಖ್ಯಾತಿ ಮೂರು ಮುಖದ ಮಹೇಶಮೂರ್ತಿಯಿಂದ. ಮೆಲ್ವಿಲ್ ಮುಂಬಯಿ ಕಡೆ ಬಂದವನಲ್ಲ, ಯಾವುದೋ ಪುಸ್ತಕದಲ್ಲಿ ಓದಿಕೊಂಡದ್ದು. ಹಾಗಿದ್ದರೂ ಆ ಉತ್ಸಾಹಕ್ಕೆ ಸಿಟ್ಟು ಬರುವುದಿಲ್ಲ.

ಬೇಟೆಯನ್ನು ಮಾತ್ರ ಅವನು ಪುಸ್ತಕದಿಂದ ಕಲಿಯಲಿಲ್ಲ. 1841ರ ಜನವರಿಯಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ 'ಅಕುಶ್ನೆಟ್' ಹಡಗು ಹತ್ತಿದ. ಮರುವರ್ಷ ಮಾರ್ಕೆಸಸ್ ದ್ವೀಪಗಳಲ್ಲಿ ಹಡಗು ಬಿಟ್ಟು ಓಡಿಹೋದ. 1820ರಲ್ಲಿ ಸ್ಪರ್ಮ್ ತಿಮಿಂಗಿಲವೊಂದು ಗುದ್ದಿ ಮುಳುಗಿಸಿದ 'ಎಸೆಕ್ಸ್' ಹಡಗಿನ ಕಥೆಯನ್ನು, ಅದರಲ್ಲಿ ಬದುಕಿ ಬಂದ ಓವನ್ ಚೇಸ್ ಬರೆದದ್ದನ್ನು, ಅವನು ಓದಿದ್ದೂ ಆ ಸಮುದ್ರದ ಮೇಲೆಯೇ. ಆ ಅನುಭವದ ಸಾರವೆಲ್ಲ ಇಳಿದಿರುವುದು 60ನೇ ಅಧ್ಯಾಯದಲ್ಲಿ ಎಂದರೆ ನಂಬುತ್ತೀರಾ? ಅದು ಹಗ್ಗದ ಬಗ್ಗೆ.

ಮನಿಲಾ ಹಗ್ಗ. ದಪ್ಪ ಒಂದಿಂಚಿನ ಮೂರನೇ ಎರಡು ಭಾಗ. ಮೂರು ಟನ್ನಿನಷ್ಟು ಎಳೆತ ತಡೆಯುತ್ತದೆ. ಉದ್ದ ಇನ್ನೂರು ಮಾರಿಗೂ ಹೆಚ್ಚು, ಅಂದರೆ 360 ಮೀಟರಿನ ಮೇಲೆ. ಇದನ್ನು ದೋಣಿಯ ಹಿಂಬದಿಯ ತೊಟ್ಟಿಯಲ್ಲಿ ಸುರುಳಿ ಸುತ್ತಿಡಬೇಕು. ಎಲ್ಲಾದರೂ ಒಂದು ಸಿಕ್ಕು ಉಳಿದರೆ, ಹಗ್ಗ ಓಡುವಾಗ ಯಾರದೋ ಕೈಯೋ ಕಾಲೋ ಇಡೀ ಮೈಯೋ ಹೋಯಿತು ಎಂದೇ ಲೆಕ್ಕ. ಅದಕ್ಕೇ ಕೆಲವು ಈಟಿಗಾರರು ಸುರುಳಿ ಸುತ್ತಲು ಹೆಚ್ಚುಕಡಿಮೆ ಇಡೀ ಬೆಳಗನ್ನು ಕಳೆಯುತ್ತಾರೆ. ತೊಟ್ಟಿಯಿಂದ ಹೊರಟ ಹಗ್ಗ ಹಿಂದಿನ ಗೂಟಕ್ಕೆ ಒಂದು ಸುತ್ತು ಹಾಕಿ, ದೋಣಿಯ ಉದ್ದಕ್ಕೂ ಪ್ರತಿಯೊಬ್ಬನ ಹುಟ್ಟಿನ ಮೇಲೆ ಹಾದು, ಹುಟ್ಟು ಹಾಕುವವನ ಮಣಿಕಟ್ಟಿಗೆ ತಾಗುತ್ತ, ಎಡಕ್ಕೊಬ್ಬ ಬಲಕ್ಕೊಬ್ಬ ಕೂತವರ ನಡುವೆ ನುಸುಳಿ, ದೋಣಿಯ ಮೂತಿಯ ತೋಡಿನಿಂದ ಹೊರಗೆ ಬರುತ್ತದೆ. ಅದರ ತುದಿಗೆ ಈಟಿ. ಈಟಿ ನಾಟಿ ತಿಮಿಂಗಿಲ ಓಡಿತೆಂದರೆ ಇಷ್ಟೂ ಹಗ್ಗ ಮಿಂಚಿನಂತೆ ಕದಲುತ್ತದೆ, ಕೂತ ಆರು ಜನ ಅದರೊಳಗೆ ಸಿಕ್ಕಿಕೊಂಡೇ ಕೂತಿರಬೇಕು. ಹಾಗೆ ಕೂತು ಅವರು ಜೋಕು ಹೊಡೆಯುತ್ತಾರಂತೆ. ಊಟದ ಮೇಜಿನ ಮುಂದೆಯೂ ಕೇಳಿರದಷ್ಟು ಒಳ್ಳೆಯ ಜೋಕು.

ಆಮೇಲೆ ಇಷ್ಮಾಯೆಲ್ ನಮ್ಮ ಕಡೆ ತಿರುಗುತ್ತಾನೆ. ಹುಟ್ಟಿದವರೆಲ್ಲರ ಕೊರಳಲ್ಲೂ ಈ ಕುಣಿಕೆ ಇದ್ದೇ ಇದೆ, ಮನೆಯಲ್ಲಿ ಬೆಂಕಿ ಕಾಯಿಸುತ್ತ ಕೂತವನಿಗೂ ದೋಣಿಯಲ್ಲಿ ಕೂತವನಿಗೂ ಇರುವ ಅಪಾಯ ಒಂದೇ ಎಂಬರ್ಥದ ಮಾತು ಹೇಳಿ ಅಧ್ಯಾಯ ಮುಗಿಸುತ್ತಾನೆ. ಬೇರೆ ಲೇಖಕ ಆ ಮಾತಿನಿಂದ ಶುರುಮಾಡುತ್ತಿದ್ದ. ಮೆಲ್ವಿಲ್ ಮೊದಲು ಹಗ್ಗದ ದಪ್ಪ, ಬಣ್ಣ, ತೂಕ, ಸುರುಳಿ ಎಲ್ಲ ಕೈಗೆ ಕೊಟ್ಟಿರುವುದರಿಂದ ವೇದಾಂತ ಬಂದಾಗ ನಮಗೆ ಅದು ವೇದಾಂತ ಅನ್ನಿಸುವುದೇ ಇಲ್ಲ.

ಅಹಾಬ್‌ನನ್ನು ಬರೀ ಹುಚ್ಚನನ್ನಾಗಿ ಮಾಡಿದ್ದರೆ ಈ ಪುಸ್ತಕ ಇಷ್ಟು ಕಾಡುತ್ತಿರಲಿಲ್ಲ. ಬೇಟೆಗೆ ಮುಂಚಿನ 132ನೇ ಅಧ್ಯಾಯ ಓದಿ. ತಿಳಿಯಾದ ಆಕಾಶ, ತಿಳಿಯಾದ ನೀರು. ಡೆಕ್ಕಿನ ಅಂಚಿಗೆ ಒರಗಿದ ಅಹಾಬ್‌ನ ಕಣ್ಣಿಂದ ಒಂದು ಹನಿ ಕಡಲಿಗೆ ಬೀಳುತ್ತದೆ. ಮೊದಲ ಅಧಿಕಾರಿ ಸ್ಟಾರ್‌ಬಕ್ ಬಳಿ ಬಂದು ನಿಲ್ಲುತ್ತಾನೆ. ಅಹಾಬ್ ಬಾಯಿಬಿಡುತ್ತಾನೆ. ಹದಿನೆಂಟರಲ್ಲಿ ಮೊದಲ ತಿಮಿಂಗಿಲ ಹೊಡೆದೆ, ನಲವತ್ತು ವರ್ಷ ಆಯಿತು, ಅದರಲ್ಲಿ ದಡದ ಮೇಲೆ ಕಳೆದದ್ದು ಮೂರು ವರ್ಷವೂ ಇಲ್ಲ. ಐವತ್ತು ದಾಟಿದ ಮೇಲೆ ಮದುವೆಯಾಗಿ ಮಾರನೇ ದಿನವೇ ಹಡಗು ಹತ್ತಿದೆ, ಮದುವೆಯ ದಿಂಬಿನ ಮೇಲೆ ತಲೆಯಿಟ್ಟ ಗುರುತು ಒಂದೇ ಒಂದು. ನಿನ್ನ ಕಣ್ಣನ್ನು ನೋಡಗೊಡು, ಅದರಲ್ಲಿ ನನ್ನ ಹೆಂಡತಿ ಮಗು ಕಾಣುತ್ತಾರೆ ಎನ್ನುತ್ತಾನೆ. ಸ್ಟಾರ್‌ಬಕ್ ಆಸೆಯಿಂದ ಊರಿಗೆ ತಿರುಗೋಣ ಎಂದು ಅಂಗಲಾಚುತ್ತಾನೆ. ಇನ್ನೇನು ಆಗೇಬಿಡುತ್ತದೆ ಅನ್ನುವಾಗ ಅಹಾಬ್ ಮುಖ ತಿರುಗಿಸುತ್ತಾನೆ. ಮತ್ತೆ ಮಾತಾಡುತ್ತ ನೋಡಿದರೆ ಸ್ಟಾರ್‌ಬಕ್ ಅಲ್ಲಿಲ್ಲ. ಇನ್ನೊಂದು ಬದಿಗೆ ಹೋಗಿ ನೀರಿಗೆ ಬಗ್ಗುತ್ತಾನೆ. ಅಲ್ಲಿ ಕಾಣುವ ಕಣ್ಣುಗಳು ಬೇರೆ: ಅವನ ನೆರಳಿನಂತಿರುವ ಫೆದಲ್ಲಾ ಅದೇ ಕಂಬಿಗೆ ಒರಗಿ ನಿಂತಿದ್ದಾನೆ.

ರನ್ನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ತಮ್ಮನನ್ನು, ಮಗನನ್ನು, ಕರ್ಣನನ್ನು ಕಂಡು ಅಳುವ ದುರ್ಯೋಧನನನ್ನು ಬಲ್ಲ ಕನ್ನಡದ ಓದುಗರಿಗೆ ಈ ಕಪ್ತಾನ ಅಪರಿಚಿತನಲ್ಲ. ಆದರೆ ದುರ್ಯೋಧನ ಕಳೆದುಕೊಂಡವರಿಗಾಗಿ ಅತ್ತ. ಅಹಾಬ್‌ನ ಹೆಂಡತಿ ಮಗು ಊರಲ್ಲಿ ಜೀವಂತವಾಗಿ ಇನ್ನೂ ಕಾಯುತ್ತಿದ್ದಾರೆ.

ಮೂರು ದಿನದ ಬೇಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ತಾನಾಗಿ ಓದಿಸಿಕೊಂಡು ಹೋಗುತ್ತದೆ. ನಾನು ನಿಲ್ಲುವುದು ಮೂರನೇ ದಿನದ ಒಂದು ವಾಕ್ಯದಲ್ಲಿ. ಅಹಾಬ್ ಈಟಿ ಎಸೆಯುತ್ತಾನೆ, ಅದು ನಾಟುತ್ತದೆ, ತಿಮಿಂಗಿಲ ಓಡುತ್ತದೆ, ಹಗ್ಗ ಮೂತಿಯ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಬಗ್ಗುತ್ತಾನೆ. ಬಿಡಿಸುತ್ತಾನೆ ಕೂಡ. ಹಾರಿಬಂದ ಒಂದು ಸುತ್ತು ಕೊರಳಿಗೆ ಬೀಳುತ್ತದೆ. ಸದ್ದಿಲ್ಲ, ದೋಣಿಯವರಿಗೆ ತಿಳಿಯುವ ಮುಂಚೆ ಅವನು ದೋಣಿಯಲ್ಲಿಲ್ಲ. ಮರುಕ್ಷಣ ಹಗ್ಗದ ಕೊನೆಯ ಗಂಟು ಬರಿದಾದ ತೊಟ್ಟಿಯಿಂದ ಚಿಮ್ಮಿ ಒಬ್ಬನನ್ನು ಬೀಳಿಸಿ ನೀರಲ್ಲಿ ಮಾಯವಾಗುತ್ತದೆ. ಅಷ್ಟು ಮಾತಾಡಿದ, ಬಿರುಗಾಳಿಗೂ ಮಿಂಚಿಗೂ ಸವಾಲು ಹಾಕಿದ ಮನುಷ್ಯನಿಗೆ ಸಾಯುವಾಗ ಒಂದು ಉಸಿರು ತೆಗೆಯಲೂ ಪುರುಸೊತ್ತಿಲ್ಲ. ಅವನನ್ನು ಕೊಂದದ್ದು ತಿಮಿಂಗಿಲದ ದ್ವೇಷ ಎನ್ನಲೂ ಬಾರದು. ಬೆಳಗೆಲ್ಲ ಕೂತು ಜೋಪಾನವಾಗಿ ಸುತ್ತಿದ್ದ ಅದೇ ಹಗ್ಗ.

1956ರಲ್ಲಿ ಜಾನ್ ಹ್ಯೂಸ್ಟನ್ ಮಾಡಿದ ಸಿನಿಮಾದಲ್ಲಿ ಗ್ರೆಗರಿ ಪೆಕ್‌ನ ಅಹಾಬ್ ತಿಮಿಂಗಿಲದ ಬೆನ್ನಿಗೇ ಹಗ್ಗಗಳಲ್ಲಿ ಸಿಕ್ಕಿ ಸಾಯುತ್ತಾನೆ. ತಿಮಿಂಗಿಲ ಹೊರಳಿದಂತೆಲ್ಲ ಹೆಣದ ಕೈ ಆಡಿ ಉಳಿದವರನ್ನು ಕರೆದಂತೆ ಕಾಣುತ್ತದೆ. ಕಾದಂಬರಿಯಲ್ಲಿ ಹಾಗೆ ತಿಮಿಂಗಿಲದ ಮೈಗೆ ಕಟ್ಟಿಕೊಂಡಿರುವುದು ಫೆದಲ್ಲಾನ ಹೆಣ. ಪರದೆಯ ಮೇಲೆ ಅದು ಮೈನವಿರೇಳಿಸುವ ದೃಶ್ಯ, ಒಪ್ಪುತ್ತೇನೆ. ಆದರೂ ನನ್ನ ಮತ ಪುಸ್ತಕದ ಸಾವಿಗೇ.

ಪುಸ್ತಕದ ಗ್ರಹಚಾರ ನೋಡಿ. 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ 'ದಿ ವೇಲ್' ಎಂಬ ಹೆಸರಲ್ಲಿ ಮೂರು ಸಂಪುಟವಾಗಿ ಬಂದಾಗ ಉಪಸಂಹಾರವೇ ಬಿಟ್ಟುಹೋಗಿತ್ತು. ಕ್ವೀಕ್ವೆಗ್‌ಗೆಂದು ಮಾಡಿದ್ದ ಶವಪೆಟ್ಟಿಗೆ ಹಿಡಿದು ಇಷ್ಮಾಯೆಲ್ ತೇಲಿ ಬದುಕಿದ ಸಂಗತಿ ಇರುವುದು ಅದರಲ್ಲೇ. ಎಲ್ಲರೂ ಸತ್ತ ಮೇಲೆ ಕಥೆ ಹೇಳುತ್ತಿರುವವನು ಯಾರು ಎಂದು ಅಲ್ಲಿನ ವಿಮರ್ಶಕರು ಹರಿಹಾಯ್ದರು. ನವೆಂಬರಿನ ನ್ಯೂಯಾರ್ಕ್ ಮುದ್ರಣದಲ್ಲಿ ಅದು ಸರಿಯಾಗಿಯೇ ಇತ್ತು, ಆದರೂ ಅಮೆರಿಕದಲ್ಲಿ ಮೆಲ್ವಿಲ್ ಬದುಕಿರುವವರೆಗೆ ನಾಲ್ಕು ಸಾವಿರ ಪ್ರತಿಯೂ ಖರ್ಚಾಗಲಿಲ್ಲ. 1866ರಿಂದ 1885ರವರೆಗೆ ಅವನು ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್ ಆಗಿದ್ದ. 1891ರಲ್ಲಿ ತೀರಿಕೊಂಡ. ಜನ ಮತ್ತೆ ಈ ಕಾದಂಬರಿಯ ಕಡೆ ಹೊರಳಿದ್ದು 1919ರ ಜನ್ಮಶತಾಬ್ದಿಯ ನಂತರ.

ಈಗ ಮಕ್ಕಳಿಗೆಂದು, ಪುರುಸೊತ್ತಿಲ್ಲದವರಿಗೆಂದು ಬರುವ ಸಂಕ್ಷಿಪ್ತ ಪ್ರತಿಗಳಲ್ಲಿ ಕತ್ತರಿ ಬೀಳುವುದು ಚೌಡರಿಗೆ, ಎಣ್ಣೆಯ ತೊಟ್ಟಿಗೆ, ಹಗ್ಗಕ್ಕೆ. ಹಗ್ಗದ ಅಧ್ಯಾಯ ಓದದವನಿಗೆ ಅಹಾಬ್‌ನ ಸಾವು ಒಂದು ಅಪಘಾತ, ಅಷ್ಟೇ. ನ್ಯೂ ಬೆಡ್‌ಫರ್ಡಿನ ತಿಮಿಂಗಿಲ ಬೇಟೆಯ ಮ್ಯೂಸಿಯಂನಲ್ಲಿ ಪ್ರತಿ ಜನವರಿ ಇಡೀ ಕಾದಂಬರಿಯನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರೆ, ಹೆಚ್ಚುಕಡಿಮೆ ಇಪ್ಪತ್ತೈದು ಗಂಟೆ, ಹಗಲು ರಾತ್ರಿ. ಅವರು ಏನನ್ನೂ ಬಿಡುವುದಿಲ್ಲ, ಆಕಳಿಕೆಯ 32ನೇ ಅಧ್ಯಾಯವನ್ನೂ. ಕೊಳ್ಳಲು ಹೊರಟವರು ಅಂಗಡಿಯಲ್ಲೇ ಒಮ್ಮೆ ಪುಟ ತಿರುವಿ, 60ನೇ ಅಧ್ಯಾಯ ಇದೆಯೇ ಎಂದು ನೋಡಿಕೊಂಡು ದುಡ್ಡು ಕೊಡಿ.